ಮೂರು ಹೆಜ್ಜೆಯ ಮಾತ್ಸೋಗಿ: ಜೋಡಿ ಅಭ್ಯಾಸವನ್ನು ಅಳತೆಯಿಂದ ಆರಂಭಿಸುವ ಕ್ರಮ

ಟೇಕ್ವಾಂಡೊ ಕಲಿಯುವವರು ಬಿಳಿ ಬೆಲ್ಟನ್ನು ದಾಟುವ ಹೊತ್ತಿಗೆ, ಅಲ್ಲಿಯವರೆಗೆ ಗಾಳಿಗೆ ಹೊಡೆದ ಗುದ್ದುಗಳೂ ಗಾಳಿಯಲ್ಲೇ ಮಾಡಿದ ತಡೆಗಳೂ ಮೊದಲ ಬಾರಿಗೆ ಒಬ್ಬ ಮನುಷ್ಯನ ಎದುರು ಪರೀಕ್ಷೆಗೆ ಒಳಗಾಗುತ್ತವೆ. ಅಂತರರಾಷ್ಟ್ರೀಯ ಟೇಕ್ವಾಂಡೊ ಫೆಡರೇಶನ್, ಅಂದರೆ ಐಟಿಎಫ್ ಪದ್ಧತಿಯಲ್ಲಿ ಈ ಮೊದಲ ಎದುರುಬದುರಿನ ಪಾಠಕ್ಕೆ ಸಾಂಬೊ ಮಾತ್ಸೋಗಿ ಎಂದು ಹೆಸರು. ಒಬ್ಬರು ಮೂರು ಹೆಜ್ಜೆ ಮುಂದೆ ಬರುತ್ತ ಮೂರು ಬಾರಿ ದಾಳಿ ಮಾಡುತ್ತಾರೆ. ಇನ್ನೊಬ್ಬರು ಮೂರು ಹೆಜ್ಜೆ ಹಿಂದೆ ಸರಿಯುತ್ತ ಮೂರನ್ನೂ ತಡೆದು, ಕೊನೆಯಲ್ಲಿ ಒಂದು ಪ್ರತಿದಾಳಿ ಮಾಡುತ್ತಾರೆ. ದಾಳಿ ಯಾವುದು, ಎಷ್ಟು, ದೇಹದ ಯಾವ ಭಾಗಕ್ಕೆ ಎಂಬುದೆಲ್ಲ ಇಬ್ಬರಿಗೂ ಮೊದಲೇ ತಿಳಿದಿರುತ್ತದೆ.

ಎಲ್ಲವೂ ಮೊದಲೇ ತಿಳಿದಿರುವುದರಿಂದಲೇ ಇದನ್ನು ಬೆಲ್ಟ್ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಕುಣಿತವೆಂದು ಭಾವಿಸುವವರು ಬಹಳ ಮಂದಿ. ನಮ್ಮ ಅನೇಕ ದೋಜಾಂಗ್‌ಗಳಲ್ಲಿ, ಅಂದರೆ ಟೇಕ್ವಾಂಡೊ ತರಬೇತಿ ಶಾಲೆಗಳಲ್ಲಿ, ವರ್ಷದ ಹೆಚ್ಚಿನ ಸಮಯ ಒಲಿಂಪಿಕ್ ಮಾದರಿಯ ಸ್ಪಾರಿಂಗ್‌ಗೆ, ಅಂದರೆ ಕಾದಾಟದ ಅಭ್ಯಾಸಕ್ಕೆ, ಹೋಗುತ್ತದೆ, ಜೋಡಿ ಅಭ್ಯಾಸಕ್ಕೆ ಪರೀಕ್ಷೆಯ ಹಿಂದಿನ ವಾರವಷ್ಟೇ ಉಳಿಯುತ್ತದೆ. ಆದರೆ ಮೂರು ಹೆಜ್ಜೆಯ ಅಭ್ಯಾಸದಲ್ಲಿ ಕಲಿಯಬೇಕಾದದ್ದು ಯಾವ ತಡೆಯ ನಂತರ ಯಾವ ಗುದ್ದು ಎಂಬ ಪಟ್ಟಿಯಲ್ಲ. ಇಬ್ಬರ ನಡುವಿನ ದೂರವನ್ನು ಓದುವುದು ಮತ್ತು ನಿಜವಾಗಿ ತನ್ನ ಕಡೆಗೇ ಬರುತ್ತಿರುವ ಕೈಯನ್ನು ಸರಿಯಾದ ಕ್ಷಣದಲ್ಲಿ ತಡೆಯುವುದು ಇಲ್ಲಿನ ಪಾಠ. ಆ ಪಾಠ ಸಿಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ತಡೆಯುವವರಿಗಿಂತ ಹೆಚ್ಚಾಗಿ ದಾಳಿ ಮಾಡುವವರು. ಈ ಲೇಖನ ಅದೇ ದೃಷ್ಟಿಯಿಂದ, ಅಳತೆಯಿಂದ ಆರಂಭಿಸಿ, ಕ್ರಮವಾಗಿ ಮುಂದುವರಿಯುತ್ತದೆ. ಅನುಕೂಲಕ್ಕಾಗಿ ದಾಳಿ ಮಾಡುವವರನ್ನು ದಾಳಿಗಾರರೆಂದೂ ತಡೆಯುವವರನ್ನು ರಕ್ಷಕರೆಂದೂ ಕರೆಯಲಾಗಿದೆ.

ಈ ಅಭ್ಯಾಸದ ಮೂಲ

ಟೇಕ್ವಾಂಡೊ ಎಂಬ ಹೆಸರು 1955ರಲ್ಲಿ ಬಳಕೆಗೆ ಬಂತು. ಅದನ್ನು ಮುಂದಿಟ್ಟವರು ದಕ್ಷಿಣ ಕೊರಿಯಾದ ಸೇನಾಧಿಕಾರಿ ಚೋಯಿ ಹೋಂಗ್ ಹಿ. ಅವರೇ 1966ರಲ್ಲಿ ಸೋಲ್ ನಗರದಲ್ಲಿ ಐಟಿಎಫ್ ಅನ್ನು ಸ್ಥಾಪಿಸಿದರು. ಅವರು ಯೌವನದಲ್ಲಿ ಜಪಾನಿನಲ್ಲಿ ಓದುವಾಗ ಕರಾಟೆ ಕಲಿತವರು. ಸೋಲ್‌ನಲ್ಲಿ 1944ರಲ್ಲಿ ಚುಂಗ್ ದೋ ಕ್ವಾನ್ ಶಾಲೆಯನ್ನು ತೆರೆದ ಲೀ ವೊನ್ ಕುಕ್ ಕೂಡ ಜಪಾನಿನಲ್ಲಿ ಶೋಟೊಕಾನ್ ಕರಾಟೆಯ ಶಿಕ್ಷಣ ಪಡೆದಿದ್ದರು. ಆದ್ದರಿಂದ ಕರಾಟೆಯ ಮೂರು ಹೆಜ್ಜೆಯ ಜೋಡಿ ಅಭ್ಯಾಸವಾದ ಸಂಬೊನ್ ಕುಮಿತೆಗೂ ಕೊರಿಯಾದ ಮೂರು ಹೆಜ್ಜೆಯ ಅಭ್ಯಾಸಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಸೋಲ್‌ನಲ್ಲಿರುವ ಟೇಕ್ವಾಂಡೊ ಕೇಂದ್ರವಾದ ಕುಕ್ಕಿವೊನ್‌ನ ಪದ್ಧತಿಯಲ್ಲಿ ಇದೇ ಬಗೆಯ ಅಭ್ಯಾಸಗಳನ್ನು ಮಾಚ್ವೊ ಗ್ಯೊರುಗಿ ಎನ್ನುತ್ತಾರೆ. ಕೊರಿಯಾದ ಇನ್ನೊಂದು ಸಮರಕಲೆಯಾದ ಟಾಂಗ್ ಸೂ ದೋ ಕಲಿಯುವವರಿಗೆ ಒಂದು ಹೆಜ್ಜೆಯ ಇಲ್ ಸೂ ಸಿಕ್ ದೇರ್ಯೊನ್ ಪರಿಚಿತ. ಹೆಸರುಗಳೂ ನಿಲುವಿನ ಅಳತೆಗಳೂ ಪದ್ಧತಿಯಿಂದ ಪದ್ಧತಿಗೆ ಬೇರೆಯಾಗುತ್ತವೆ. ಇಲ್ಲಿ ಐಟಿಎಫ್ ಕ್ರಮವನ್ನು ಅನುಸರಿಸಲಾಗಿದೆ. ಸಣ್ಣಪುಟ್ಟ ವಿವರಗಳಲ್ಲಿ ನಿಮ್ಮ ಸಬಮ್, ಅಂದರೆ ಗುರುಗಳು, ಬೇರೆ ರೀತಿ ಹೇಳಿದರೆ ಅವರ ಮಾತನ್ನೇ ಪಾಲಿಸಬೇಕು.

ಸ್ಥಳ ಮತ್ತು ಸಿದ್ಧತೆ

ಒಂದು ಜೋಡಿಗೆ ಉದ್ದಕ್ಕೆ ಸುಮಾರು 5 ಮೀಟರ್, ಅಗಲಕ್ಕೆ 2 ಮೀಟರ್ ಖಾಲಿ ಜಾಗ ಬೇಕು. ಹಲವು ಜೋಡಿಗಳು ಒಟ್ಟಿಗೆ ಅಭ್ಯಾಸ ಮಾಡುವಾಗ ಎಲ್ಲರೂ ಒಂದೇ ದಿಕ್ಕಿಗೆ ಚಲಿಸುವಂತೆ ನಿಲ್ಲಿಸುವುದು ಒಳ್ಳೆಯದು. ಇಲ್ಲವಾದರೆ ಹಿಂದಕ್ಕೆ ಸರಿಯುವ ಇಬ್ಬರು ರಕ್ಷಕರು ಬೆನ್ನಿಗೆ ಬೆನ್ನು ತಾಗಿಸಿಕೊಳ್ಳುತ್ತಾರೆ. ಸಮುದಾಯ ಭವನ ಅಥವಾ ಶಾಲೆಯ ಹಜಾರದ ನುಣುಪಾದ ಟೈಲ್ಸ್ ನೆಲದಲ್ಲಿ ಬೆವರು ಬಿದ್ದರೆ ಹಿಂಗಾಲು ಜಾರುತ್ತದೆ. ಪಕ್ಕದಲ್ಲೊಂದು ಒರೆಸುವ ಬಟ್ಟೆ ಇರಲಿ. ಕೈಕಾಲುಗಳ ಉಗುರು ಕತ್ತರಿಸಿರಬೇಕು, ಬಳೆ, ಉಂಗುರ, ಕಿವಿಯೋಲೆ, ಗಡಿಯಾರ, ಕನ್ನಡಕಗಳನ್ನು ತೆಗೆದಿಡಬೇಕು. ಕೈದಾರ ಕಟ್ಟಿಕೊಂಡವರು ಅದನ್ನು ಟೇಪಿನಿಂದ ಮುಚ್ಚಿಕೊಂಡರೆ ಸಾಕು.

ಮಣಿಕಟ್ಟು, ಸೊಂಟ ಮತ್ತು ಪಾದದ ಕೀಲುಗಳನ್ನು ಚೆನ್ನಾಗಿ ಬೆಚ್ಚಗಾಗಿಸಿಕೊಂಡ ನಂತರ ದಾಳಿಯ ಸಾಲನ್ನೂ ರಕ್ಷಣೆಯ ಸಾಲನ್ನೂ ಜೊತೆಗಾರರಿಲ್ಲದೆ ಒಬ್ಬೊಬ್ಬರೇ ಕೆಲವು ಬಾರಿ ಮಾಡಬೇಕು. ಮೂರು ಹೆಜ್ಜೆಯ ಅಭ್ಯಾಸಕ್ಕೆ ಹೀಗೆ ಒಂಟಿಯಾಗಿ ಮಾಡುವ ರೂಪವೂ ಐಟಿಎಫ್ ಪಾಠಕ್ರಮದಲ್ಲೇ ಇದೆ. ಮನೆಯಲ್ಲಿ ಜೊತೆಗಾರರು ಸಿಗದವರಿಗೆ ಇದು ಅನುಕೂಲ. ಕಾಲು ಎತ್ತ ಹೋಗಬೇಕು ಎಂಬ ಗೊಂದಲ ಇನ್ನೂ ಉಳಿದಿರುವಾಗ ಎದುರಿಗೆ ಒಬ್ಬರನ್ನು ನಿಲ್ಲಿಸಿದರೆ ಇಬ್ಬರ ಸಮಯವೂ ಹಾಳು.

ನಿಲುವು

ಈ ಅಭ್ಯಾಸದಲ್ಲಿ ಹೆಚ್ಚು ಬಳಕೆಯಾಗುವುದು ಗುನ್ನುನ್ ಸೋಗಿ, ಅಂದರೆ ನಡಿಗೆಯ ನಿಲುವು. ಉದ್ದಕ್ಕೆ ನಿಮ್ಮ ಭುಜದ ಅಗಲದ ಒಂದೂವರೆ ಪಟ್ಟು, ಅಗಲಕ್ಕೆ ಒಂದು ಭುಜದಷ್ಟು ಅಂತರವಿರಬೇಕು. ಮುಂದಿನ ಮೊಣಕಾಲು ಹಿಮ್ಮಡಿಯ ನೇರಕ್ಕೆ ಬರುವಷ್ಟು ಬಾಗಿರುತ್ತದೆ, ಹಿಂದಿನ ಕಾಲು ನೇರವಾಗಿರುತ್ತದೆ, ಹಿಂದಿನ ಪಾದ ಸುಮಾರು 25 ಡಿಗ್ರಿ ಹೊರಕ್ಕೆ ತಿರುಗಿರುತ್ತದೆ, ಭಾರ ಎರಡೂ ಕಾಲುಗಳ ಮೇಲೆ ಸಮನಾಗಿರುತ್ತದೆ. ನಿಯುಂಜಾ ಸೋಗಿ, ಅಂದರೆ ಎಲ್ ಆಕಾರದ ನಿಲುವಿನಲ್ಲಿಯೂ ಉದ್ದ ಒಂದೂವರೆ ಭುಜದಷ್ಟೇ. ಆದರೆ ಭಾರದ ಶೇಕಡಾ 70ರಷ್ಟು ಹಿಂದಿನ ಕಾಲಿನ ಮೇಲಿರುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಅಳತೆಯ ಮಾತು ಬಂದಾಗ ಇದು ಬೇಕಾಗುತ್ತದೆ.

ಭುಜದ ಅಗಲ 40 ಸೆಂಟಿಮೀಟರ್ ಇರುವವರಿಗೆ ನಿಲುವಿನ ಉದ್ದ 60 ಸೆಂಟಿಮೀಟರ್. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ನಿಮ್ಮ ಉದ್ದವನ್ನು ಒಮ್ಮೆ ನೋಡಿಕೊಳ್ಳಿ. ಮೂರು ಹೆಜ್ಜೆ ಹಾಕುವಾಗ ಮೊದಲನೆಯದು ಉದ್ದವಾಗಿಯೂ ಮೂರನೆಯದು ಗಿಡ್ಡವಾಗಿಯೂ ಆಗುವುದು ಎಲ್ಲ ಹೊಸಬರಲ್ಲೂ ಕಾಣುವ ದೋಷ. ಸಾಮಾನ್ಯವಾಗಿ ಇದಕ್ಕೆ ಕಾರಣ ಆತುರ. ಗೆರೆಗಳಿದ್ದರೆ ದೋಷ ಯಾರ ಕಣ್ಣಿಗಾದರೂ ಬೀಳುತ್ತದೆ.

ದೂರವನ್ನು ಅಳೆಯುವ ಬಗೆ

ಇಬ್ಬರೂ ಚರ್ಯೋತ್, ಅಂದರೆ ಸಾವಧಾನದ ನಿಲುವಿನಲ್ಲಿ ನಿಂತು ಕ್ಯೊಂಗ್‌ಯೆ ಆಜ್ಞೆಗೆ ಪರಸ್ಪರ ಬಾಗಿ ವಂದಿಸುತ್ತಾರೆ. ಜುನ್‌ಬಿ ಎಂದಾಗ ಭುಜದಗಲಕ್ಕೆ ಪಾದಗಳನ್ನಿಟ್ಟು ನರಾನಿ ನಿಲುವಿನಲ್ಲಿ ಸಿದ್ಧರಾಗುತ್ತಾರೆ. ಇಲ್ಲಿಂದ ದಾಳಿಗಾರರು ಒಂದು ಹೆಜ್ಜೆ ಮುಂದಿಟ್ಟು ದೂರವನ್ನು ಅಳೆದುಕೊಂಡು ಮತ್ತೆ ಹಿಂದಕ್ಕೆ ಬರುತ್ತಾರೆ. ಬಹುಪಾಲು ಜೋಡಿಗಳು ಕೆಡುವುದು ಈ ಜಾಗದಲ್ಲಿಯೇ.

ಅನೇಕರು ಮುಷ್ಟಿಯನ್ನು ಚಾಚಿ ಎದುರಿನವರ ಎದೆಗೆ ತಾಗಿಸಿ, ದೂರ ಸರಿಯಾಗಿದೆ ಎಂದುಕೊಳ್ಳುತ್ತಾರೆ. ನೋಡಲು ಇದು ಸರಿಯೆನಿಸುತ್ತದೆ, ಲೆಕ್ಕ ಹಾಕಿದರೆ ತಪ್ಪು ಕಾಣುತ್ತದೆ. ಅಳೆಯುವಾಗ ರಕ್ಷಕರು ಎರಡೂ ಪಾದಗಳನ್ನು ಅಕ್ಕಪಕ್ಕದಲ್ಲಿ ಒಂದೇ ಸಾಲಿನಲ್ಲಿಟ್ಟು ನಿಂತಿರುತ್ತಾರೆ, ಅವರ ಮುಂಡ ಪಾದಗಳ ನೇರಕ್ಕೇ ಇರುತ್ತದೆ. ದಾಳಿ ಶುರುವಾದಾಗ ಅವರು ಒಂದು ಕಾಲನ್ನು 60 ಸೆಂಟಿಮೀಟರ್ ಹಿಂದಿಟ್ಟು ಭಾರವನ್ನು ಎರಡೂ ಕಾಲುಗಳಿಗೆ ಹಂಚುತ್ತಾರೆ. ಆಗ ಮುಂಡ 30 ಸೆಂಟಿಮೀಟರಿನಷ್ಟು ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಎದೆಗೆ ತಾಗಿಸಿ ಅಳೆದ ಮುಷ್ಟಿ ಮೂರೂ ಹೆಜ್ಜೆಗಳಲ್ಲಿ ಎದೆಗಿಂತ ಒಂದಡಿ ಹಿಂದೆಯೇ ನಿಂತುಬಿಡುತ್ತದೆ. ರಕ್ಷಕರು ತಡೆದರೂ ಒಂದೇ, ತಡೆಯದಿದ್ದರೂ ಒಂದೇ. ಕೊನೆಯ ಪ್ರತಿದಾಳಿಯೂ ಅಷ್ಟೇ ದೂರದಲ್ಲಿ ಗಾಳಿಗೆ ಹೋಗುತ್ತದೆ, ಇಲ್ಲವೇ ರಕ್ಷಕರು ನಿಲುವನ್ನು ಮುರಿದು ಮುಂದಕ್ಕೆ ವಾಲಿ ಹೊಡೆಯಬೇಕಾಗುತ್ತದೆ.

ಆದ್ದರಿಂದ ಅಳತೆಯನ್ನು ಪಾದದಿಂದ ಮಾಡಬೇಕು. ದಾಳಿಗಾರರು ಬಲಗಾಲನ್ನು ಮುಂದಿಟ್ಟು ಪೂರ್ಣ ಉದ್ದದ ನಡಿಗೆಯ ನಿಲುವಿಗೆ ಬರಲಿ, ಅವರ ಬಲಪಾದ ರಕ್ಷಕರ ಎಡಪಾದದ ಪಕ್ಕದಲ್ಲಿ, ಬೆರಳುಗಳು ಒಂದೇ ಗೆರೆಯ ಮೇಲೆ ಬರುವಂತೆ ಇರಲಿ. ಆ ಕ್ಷಣದಲ್ಲಿ ಇಬ್ಬರೂ ತೀರ ಹತ್ತಿರವಿದ್ದಂತೆ ಅನ್ನಿಸುತ್ತದೆ, ಕೈ ಚಾಚಲೂ ಜಾಗವಿರುವುದಿಲ್ಲ. ಆದರೆ ರಕ್ಷಕರು ಹಿಂದೆ ಸರಿದ ಮೇಲೆ ಇಬ್ಬರ ಮುಂಡಗಳ ನಡುವೆ ಸುಮಾರು 60 ಸೆಂಟಿಮೀಟರ್, ಅಂದರೆ ಚಾಚಿದ ತೋಳಿನ ದೂರ ಉಳಿಯುತ್ತದೆ. ಗುದ್ದಿಗೂ ಪ್ರತಿದಾಳಿಗೂ ಬೇಕಾದ ದೂರ ಅದೇ. ರಕ್ಷಕರು ನಿಯುಂಜಾ ಸೋಗಿಯಲ್ಲಿ ತಡೆಯುವುದಾದರೆ ಭಾರ ಹಿಂಗಾಲಿನ ಮೇಲಿರುವುದರಿಂದ ಮುಂಡ ಇನ್ನೂ ಸ್ವಲ್ಪ ಹಿಂದೆ ಹೋಗುತ್ತದೆ. ಅದಕ್ಕೆ ತಕ್ಕಂತೆ ಅಳೆಯುವ ಪಾದವನ್ನು ಕೊಂಚ ಒಳಗೆ ಇಡಬೇಕಾಗುತ್ತದೆ. ನಿಲುವು ಬದಲಾದಾಗಲೆಲ್ಲ ಅಳತೆಯೂ ಬದಲಾಗಬೇಕೆಂಬುದನ್ನು ಮರೆಯಬಾರದು.

ಎತ್ತರದಲ್ಲಿ ವ್ಯತ್ಯಾಸವಿರುವ ಜೋಡಿಗಳಿಗೆ ಇನ್ನೊಂದು ತೊಡಕಿದೆ. ದಾಳಿಗಾರರ ಭುಜ 45 ಸೆಂಟಿಮೀಟರ್, ರಕ್ಷಕರದು 36 ಇದೆಯೆಂದುಕೊಳ್ಳಿ. ಒಬ್ಬರ ಹೆಜ್ಜೆ 67.5 ಸೆಂಟಿಮೀಟರ್, ಇನ್ನೊಬ್ಬರದು 54. ಮೊದಲ ಹೆಜ್ಜೆಯಲ್ಲಿ ಪಾದಗಳು ಸರಿಯಾಗಿ ಒಂದೇ ಗೆರೆಯಲ್ಲಿದ್ದರೂ ಮೂರನೆಯದರ ಹೊತ್ತಿಗೆ ದಾಳಿಗಾರರು 27 ಸೆಂಟಿಮೀಟರ್ ಒಳಗೆ ನುಗ್ಗಿರುತ್ತಾರೆ. ಗಿಡ್ಡ ರಕ್ಷಕರು ಕೊನೆಯ ಹೆಜ್ಜೆಯಲ್ಲಿ ಉಸಿರುಗಟ್ಟಿದಂತೆ ತಡವರಿಸುವುದಕ್ಕೆ ಕಾರಣ ಅವರ ಅಂಜಿಕೆಯಲ್ಲ, ಈ ಲೆಕ್ಕ. ಹೊಸಬರಾಗಿದ್ದರೆ ಎತ್ತರದವರು ತಮ್ಮ ಹೆಜ್ಜೆಯನ್ನು ಕಡಿಮೆ ಮಾಡಿಕೊಳ್ಳಲಿ. ಅನುಭವಿಗಳಾಗಿದ್ದರೆ ರಕ್ಷಕರು ಎರಡನೆಯ ಹೆಜ್ಜೆಯಲ್ಲೇ ಇದನ್ನು ಗುರುತಿಸಿ ಹೆಜ್ಜೆಯನ್ನು ಹಿಗ್ಗಿಸಲಿ. ಎರಡನೆಯ ಬಗೆಯಿಂದ ಕಲಿಯುವುದು ಹೆಚ್ಚು.

ಮೊದಲ ವರಸೆಯನ್ನು ಹೆಜ್ಜೆ ಹೆಜ್ಜೆಯಾಗಿ

ಅನೇಕ ದೋಜಾಂಗ್‌ಗಳಲ್ಲಿ ಮೊದಲು ಕಲಿಸುವ ವರಸೆ ಸರಳವಾದದ್ದು: ಮಧ್ಯಭಾಗಕ್ಕೆ ಮೂರು ಗುದ್ದು, ಒಳ ಮುಂಗೈಯಿಂದ ಮೂರು ತಡೆ, ಕೊನೆಗೆ ಒಂದು ಹಿಮ್ಮುಖ ಗುದ್ದು, ಅಂದರೆ ಹಿಂದಿರುವ ಕಾಲಿನ ಬದಿಯ ಕೈಯಿಂದ ಹೊಡೆಯುವ ಗುದ್ದು. ಐಟಿಎಫ್‌ನಲ್ಲಿ ಭುಜದಿಂದ ಹೊಕ್ಕುಳಿನವರೆಗಿನ ಭಾಗ ಕಾವುಂದೆ, ಅದರ ಮೇಲಿನದು ನೋಪುಂದೆ, ಕೆಳಗಿನದು ನಾಜುಂದೆ.

ಅಳತೆ ಮುಗಿದು ದಾಳಿಗಾರರು ಮತ್ತೆ ಜುನ್‌ಬಿಗೆ ಬಂದ ಮೇಲೆ ಬಲಗಾಲನ್ನು ಹಿಂದಿಟ್ಟು ಎಡ ಹೊರ ಮುಂಗೈಯಿಂದ ಕೆಳಭಾಗದ ತಡೆ ಮಾಡಿ, ಕಿಹಾಪ್, ಅಂದರೆ ಉಸಿರನ್ನು ಹೊರಬಿಡುತ್ತ ಹಾಕುವ ಜೋರು ಕೂಗು, ಕೂಗಿ ತಾವು ಸಿದ್ಧರೆಂದು ತಿಳಿಸುತ್ತಾರೆ. ರಕ್ಷಕರು ಜುನ್‌ಬಿಯಲ್ಲೇ ಇದ್ದು ಕಿಹಾಪ್‌ನಿಂದ ಉತ್ತರಿಸುತ್ತಾರೆ. ಈ ಉತ್ತರ ಬರುವ ಮೊದಲು ದಾಳಿ ಆರಂಭವಾಗಬಾರದು. ಉತ್ತರ ಬಂದ ಮೇಲೆ ದಾಳಿಗಾರರು ತಮಗೆ ಬೇಕಾದಷ್ಟು ಹೊತ್ತು ಕಾಯಬಹುದು. ಕಿಹಾಪ್ ಕೇಳಿದ ತಕ್ಷಣವೇ ಹೊರಡುವ ರೂಢಿ ಬಿದ್ದರೆ ರಕ್ಷಕರು ಕಣ್ಣಿನಿಂದ ಓದುವ ಬದಲು ಕಿವಿಯಿಂದ ಎಣಿಸಲು ಕಲಿಯುತ್ತಾರೆ.

ದಾಳಿಗಾರರು ಬಲಗಾಲನ್ನು ಮುಂದಿಟ್ಟು ಬಲ ಮುಷ್ಟಿಯಿಂದ ಮಧ್ಯಭಾಗಕ್ಕೆ ಗುದ್ದುತ್ತಾರೆ. ರಕ್ಷಕರು ಬಲಗಾಲನ್ನೇ ಹಿಂದಿಟ್ಟು ಎಡ ಒಳ ಮುಂಗೈಯಿಂದ ತಡೆಯುತ್ತಾರೆ. ಕನ್ನಡಿಯ ಎದುರು ನಿಂತಂತೆ ಒಬ್ಬರ ಬಲಕ್ಕೆ ಇನ್ನೊಬ್ಬರ ಎಡ ಎದುರಾಗುತ್ತದೆ. ಎರಡನೆಯ ಹೆಜ್ಜೆಯಲ್ಲಿ ಇಬ್ಬರೂ ಎಡಗಾಲನ್ನು ಚಲಿಸುತ್ತಾರೆ: ಎಡಗುದ್ದು, ಬಲತಡೆ. ಮೂರನೆಯದು ಮತ್ತೆ ಮೊದಲನೆಯದರಂತೆ. ತಡೆ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಹೆಬ್ಬೆರಳಿನ ಕಡೆಯ ಮುಂಗೈ ಎದುರಿನವರ ತೋಳಿನ ಒಳಮೈಗೆ ತಾಗುತ್ತದೆ. ತಾಗುವ ಜಾಗ ಮಣಿಕಟ್ಟಿನ ಮೂಳೆಯಲ್ಲ, ಮಣಿಕಟ್ಟಿನಿಂದ ಮೊಣಕೈಯವರೆಗಿನ ಉದ್ದದಲ್ಲಿ ಮಣಿಕಟ್ಟಿನ ಕಡೆಯ ಮೂರನೆಯ ಒಂದು ಭಾಗ. ಪಾದ ನೆಲಕ್ಕೆ ಊರುವುದೂ ತಡೆ ಮುಗಿಯುವುದೂ ಉಸಿರು ಹೊರಬೀಳುವುದೂ ಒಂದೇ ಕ್ಷಣದಲ್ಲಿ ಆಗಬೇಕು. ಪಾದ ಮೊದಲು ಊರಿ ಕೈ ಆಮೇಲೆ ಬಂದರೆ ದೇಹದ ಭಾರ ತಡೆಗೆ ಸೇರುವುದಿಲ್ಲ, ತೋಳಿನ ಬಲವಷ್ಟೇ ಉಳಿಯುತ್ತದೆ.

ಮೂರನೆಯ ತಡೆ ಮುಗಿದ ತಕ್ಷಣ ರಕ್ಷಕರು ನಿಂತಲ್ಲಿಯೇ ಬಲ ಮುಷ್ಟಿಯಿಂದ ದಾಳಿಗಾರರ ಎದೆಗೂಡಿನ ಕೆಳಗಿನ ಮೆತ್ತನೆಯ ಜಾಗಕ್ಕೆ, ಕೊರಿಯನ್ನಿನಲ್ಲಿ ಮ್ಯೊಂಗ್‌ಚಿ ಎನ್ನುವ ಕಡೆಗೆ, ಗುದ್ದಿ ಕಿಹಾಪ್ ಕೂಗುತ್ತಾರೆ. ಮುಷ್ಟಿ ಬಟ್ಟೆಯ ಹತ್ತಿರ ನಿಲ್ಲಬೇಕು. ದಾಳಿಗಾರರು ತಮ್ಮ ಕೊನೆಯ ಗುದ್ದಿನ ನಿಲುವಿನಲ್ಲೇ ಅಲುಗಾಡದೆ ಇರಬೇಕು. ಬಾರೊ ಎಂಬ ಆಜ್ಞೆಗೆ ಇಬ್ಬರೂ ಜುನ್‌ಬಿಗೆ ಮರಳುತ್ತಾರೆ, ಆದರೆ ನೋಟವನ್ನು ಕಿತ್ತುಕೊಳ್ಳುವುದಿಲ್ಲ. ಮೊದಲಿಂದ ಕೊನೆಯವರೆಗೂ ನೋಟ ಎದುರಿನವರ ಕಣ್ಣುಗಳ ಮೇಲಿರಬೇಕು. ಮುಷ್ಟಿಯನ್ನೇ ನೋಡುತ್ತಿದ್ದರೆ ತಡೆ ಯಾವಾಗಲೂ ತಡವಾಗುತ್ತದೆ, ಏಕೆಂದರೆ ಭುಜ ಮತ್ತು ಸೊಂಟ ಚಲಿಸಿದ ಮೇಲೆಯೇ ಮುಷ್ಟಿ ಹೊರಡುವುದು.

ಬಲಗಡೆಯಿಂದ ಆರಂಭವಾಗುವ ಸಾಲು ಸರಾಗವಾದ ಮೇಲೆ ಎಡಗಡೆಯಿಂದಲೂ ಅಷ್ಟೇ ಬಾರಿ ಮಾಡಬೇಕು. ಪರೀಕ್ಷೆಯಲ್ಲಿ ಬಲಗಡೆಯನ್ನಷ್ಟೇ ಕೇಳುತ್ತಾರೆಂಬ ಕಾರಣಕ್ಕೆ ಎಡಗಡೆಯನ್ನು ಬಿಟ್ಟವರ ದೌರ್ಬಲ್ಯ ಮುಂದೆ ಒಂದು ಹೆಜ್ಜೆಯ ಅಭ್ಯಾಸದಲ್ಲಿ ಬಯಲಾಗುತ್ತದೆ.

ದಾಳಿಗಾರರ ಹೊಣೆ

ಜೊತೆಗಾರರಿಗೆ ನೋವಾಗಬಾರದೆಂಬ ಒಳ್ಳೆಯ ಮನಸ್ಸಿನಿಂದ ದಾಳಿಗಾರರು ಗುದ್ದನ್ನು ಎದೆಯ ಪಕ್ಕಕ್ಕೆ ಹೊರಳಿಸುತ್ತಾರೆ, ಇಲ್ಲವೇ ತಡೆ ಬರುವ ಜಾಗದಲ್ಲೇ ಕೈಯನ್ನು ನಿಲ್ಲಿಸಿ ತಡೆಗೆ ಒಪ್ಪಿಸುತ್ತಾರೆ. ಪಕ್ಕಕ್ಕೆ ಹೋಗುವ ಗುದ್ದನ್ನು ತಡೆಯಲು ರಕ್ಷಕರು ತಮ್ಮ ಕೈಯನ್ನು ದೇಹದ ರೇಖೆಯಿಂದ ಆಚೆಗೆ ಚಾಚುವುದನ್ನು ರೂಢಿಸಿಕೊಳ್ಳುತ್ತಾರೆ. ನಿಜವಾದ ಗುದ್ದು ನೇರವಾಗಿ ಬಂದ ದಿನ ಆ ಕೈ ತಪ್ಪು ಜಾಗದಲ್ಲಿರುತ್ತದೆ. ಹೀಗೆ ತೋರಿದ ದಯೆ ಜೊತೆಗಾರರಿಗೆ ನಷ್ಟವನ್ನೇ ಉಂಟುಮಾಡುತ್ತದೆ. ವೇಗವನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು, ಬಲವನ್ನೂ ಕಡಿಮೆ ಮಾಡಬಹುದು. ಗುರಿಯನ್ನೂ ದೂರವನ್ನೂ ಮಾತ್ರ ಬದಲಿಸಬಾರದು.

ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಆಗಾಗ, ಮೊದಲೇ ಮಾತನಾಡಿಕೊಂಡು, ರಕ್ಷಕರು ಹೆಜ್ಜೆಯನ್ನಷ್ಟೇ ಹಿಂದಿಟ್ಟು ತಡೆಯದೆ ನಿಲ್ಲಲಿ. ದಾಳಿಗಾರರು ನಿಧಾನದ ವೇಗದಲ್ಲಿ ಮೂರು ಗುದ್ದುಗಳನ್ನೂ ಮಾಡಲಿ. ಪ್ರತಿಯೊಂದು ಮುಷ್ಟಿಯೂ ದೋಬೋಕ್‌ನ, ಅಂದರೆ ಅಭ್ಯಾಸದ ಉಡುಪಿನ, ಬಟ್ಟೆಯನ್ನು ಮುಟ್ಟಿಯೂ ಮುಟ್ಟದಂತೆ, ಎದೆಯ ನಡುವಿನಲ್ಲಿ ನಿಂತರೆ ಅಳತೆಯೂ ಗುರಿಯೂ ಸರಿಯಾಗಿವೆ. ಪಕ್ಕಕ್ಕೆ ಹೋದರೆ ಅಥವಾ ಒಂದು ಗೇಣು ಹಿಂದೆಯೇ ಉಳಿದರೆ ಜೋಡಿ ಮತ್ತೆ ಪಾದದ ಅಳತೆಗೆ ಹಿಂದಿರುಗಬೇಕು. ಮುಖಕ್ಕೆ ಮಾಡುವ ದಾಳಿಯಲ್ಲಿ ಈ ಪರೀಕ್ಷೆ ಬೇಡ. ಅಲ್ಲಿ ಎರಡು ಬೆರಳಗಲ ದೂರವನ್ನು ಖಚಿತವಾಗಿ ಉಳಿಸಿಕೊಳ್ಳಬೇಕು, ಮಕ್ಕಳಿಗಾದರೆ ಇನ್ನೂ ಹೆಚ್ಚು.

ರಕ್ಷಕರ ಕಡೆಯಿಂದ ಆಗುವ ದೊಡ್ಡ ದೋಷ ಮುಂಚೆಯೇ ಹೊರಡುವುದು. ದಾಳಿ ಗೊತ್ತಿರುವುದರಿಂದ ಹೆಜ್ಜೆಯನ್ನು ದಾಳಿಗಾರರಿಗಿಂತ ಮೊದಲೇ ಹಿಂದಿಟ್ಟು, ಕೈಯನ್ನು ಮೊದಲೇ ಎತ್ತಿ ಕಾಯುತ್ತಾರೆ. ಇದನ್ನು ಮುರಿಯಲು ದಾಳಿಗಾರರು ಪ್ರತಿ ಹೆಜ್ಜೆಯ ನಡುವೆ ಬಿಡುವನ್ನು ಬೇರೆ ಬೇರೆ ಮಾಡಬೇಕು: ಒಂದರ ಹಿಂದೆ ಎರಡನೆಯದು ತಕ್ಷಣ ಬರಲಿ, ಮೂರನೆಯದಕ್ಕೆ ದೀರ್ಘವಾಗಿ ಕಾಯಿಸಲಿ. ಮುಂಚೆಯೇ ಹೊರಟವರು ಆಗ ಖಾಲಿ ಗಾಳಿಯನ್ನು ತಡೆದು ನಿಂತಿರುತ್ತಾರೆ, ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ವೇಗವನ್ನು ಏರಿಸುವ ಕ್ರಮ

ಆರಂಭದಲ್ಲಿ ಸಬಮ್ ಅಥವಾ ಮೂರನೆಯವರೊಬ್ಬರು ಹಾನಾ, ತುಲ್, ಸೇತ್ ಎಂದು ಎಣಿಸಲಿ. ಪ್ರತಿ ಎಣಿಕೆಗೆ ಒಂದೇ ಹೆಜ್ಜೆ. ಅಲ್ಲಿ ನಿಂತು ನಿಲುವು, ಮುಷ್ಟಿ, ಮುಂಗೈಗಳನ್ನು ನೋಡಿಕೊಳ್ಳಬೇಕು. ಇದು ಸರಿಯಾದ ಮೇಲೆ ಎಣಿಕೆಯನ್ನು ಬಿಟ್ಟು ದಾಳಿಗಾರರ ಸ್ವಂತ ಲಯಕ್ಕೆ ಬರಬಹುದು. ಆನಂತರ ದಾಳಿಯ ಎತ್ತರವನ್ನು ಬದಲಿಸಬೇಕು. ಮೂರೂ ಮಧ್ಯಭಾಗಕ್ಕೆ ಎಂಬ ಒಪ್ಪಂದದ ಬದಲು ಮಧ್ಯ, ಮೇಲೆ, ಮಧ್ಯ ಎಂಬ ಒಪ್ಪಂದವಿರಲಿ. ಗುದ್ದಿನ ಬದಲಿಗೆ ಮುಂದಿನ ಒದೆತವನ್ನು, ಅಂದರೆ ಆಪ್ ಚಾಗಿಯನ್ನು ಬಳಸುವಾಗ ದೂರವನ್ನು ಮತ್ತೊಮ್ಮೆ ಅಳೆಯಲೇಬೇಕು, ಏಕೆಂದರೆ ಕಾಲು ಕೈಗಿಂತ ಉದ್ದ. ಒದೆತವನ್ನು ಮುಂಗೈಯಿಂದ ಕೆಳಗೆ ತಡೆಯುವಾಗ ಜೋರಾಗಿ ಹೊಡೆದರೆ ಇಬ್ಬರ ಮೂಳೆಗೂ ಪೆಟ್ಟು. ತಡೆಯುವುದಕ್ಕೆ ಮೊದಲು ರೇಖೆಯಿಂದ ಸರಿಯುವುದನ್ನು ಕಲಿಸುವ ಸಬಮ್‌ಗಳೇ ಇಲ್ಲಿ ಸರಿಯೆಂದು ನನ್ನ ಅಭಿಪ್ರಾಯ.

ಸರಿಯುವುದರ ಮಾತು ಬಂದದ್ದರಿಂದ ಮೊದಲ ವರಸೆಯ ಒಂದು ಮಿತಿಯನ್ನೂ ಹೇಳಬೇಕು. ಒಳ ಮುಂಗೈಯಿಂದ ಹೊರಕ್ಕೆ ತಡೆದಾಗ ರಕ್ಷಕರು ದಾಳಿಗಾರರ ಎರಡು ತೋಳುಗಳ ನಡುವೆ ನಿಂತಿರುತ್ತಾರೆ. ಪ್ರತಿದಾಳಿಗೆ ಎದೆ ತೆರೆದಿರುವುದು ನಿಜ, ಆದರೆ ದಾಳಿಗಾರರ ಎಡಗೈಯೂ ಅಷ್ಟೇ ಹತ್ತಿರದಲ್ಲಿ ಬಿಡುವಾಗಿರುತ್ತದೆ. ಮೂರನೆಯ ಹೆಜ್ಜೆಯಲ್ಲಿ ಬಲಗಾಲನ್ನು ಹಿಂದಕ್ಕೆ ಎಳೆಯುವ ಬದಲು ಹಿಂದಿರುವ ಎಡಗಾಲನ್ನು ಎಡಬದಿಗೆ ಓರೆಯಾಗಿಟ್ಟು, ದೇಹವನ್ನು ಗುದ್ದಿನ ರೇಖೆಯಿಂದ ಹೊರಗೆ ತಂದು, ಬಲ ಮುಂಗೈಯಿಂದ ಅವರ ಬಲತೋಳಿನ ಹೊರಮೈಯನ್ನು ನಿಮ್ಮ ಬಲಕ್ಕೆ ತಳ್ಳಿದರೆ ನೀವು ಹೊರಬದಿಯಲ್ಲಿರುತ್ತೀರಿ. ಅವರ ಎಡಗೈ ನಿಮ್ಮನ್ನು ತಲುಪಲು ಅವರ ದೇಹವನ್ನೇ ದಾಟಿ ಬರಬೇಕಾಗುತ್ತದೆ. ಇವೆರಡನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಪ್ರತಿ ಬಾರಿಯೂ ಕೊನೆಯಲ್ಲಿ ದಾಳಿಗಾರರು ತಮ್ಮ ಎಡಗೈಯನ್ನು ನಿಧಾನವಾಗಿ ಚಾಚಿ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಒಂದು ಅವಧಿಯಲ್ಲಿ ಎರಡು ಅಥವಾ ಮೂರು ವರಸೆಗಳು ಸಾಕು. ಪ್ರತಿಯೊಂದರಲ್ಲೂ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳಬೇಕು, ಅವಧಿಯ ನಡುವೆ ಕನಿಷ್ಠ ಒಮ್ಮೆ ಜೊತೆಗಾರರನ್ನೂ ಬದಲಿಸಬೇಕು. ಒಬ್ಬರೊಂದಿಗೇ ಬಹುಕಾಲ ಅಭ್ಯಾಸ ಮಾಡಿದವರು ಆ ಒಬ್ಬರ ತೋಳಿನ ಉದ್ದಕ್ಕೂ ಲಯಕ್ಕೂ ಒಗ್ಗಿಕೊಂಡಿರುತ್ತಾರೆ. ಮುಂಗೈಯಲ್ಲಿ ಕೆಂಪು ಬಾವು ಕಾಣಿಸಿಕೊಂಡರೆ ಅಂದಿಗೆ ತಡೆಯ ಬಲವನ್ನು ಇಳಿಸಿ ನಿಧಾನದ ಎಣಿಕೆಗೆ ಮರಳುವುದು ಒಳಿತು. ನೋವು ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಉಳಿದು ಮರುದಿನವೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಎರಡು ಹೆಜ್ಜೆ, ಒಂದು ಹೆಜ್ಜೆ

ಇಬೊ ಮಾತ್ಸೋಗಿ, ಅಂದರೆ ಎರಡು ಹೆಜ್ಜೆಯ ಅಭ್ಯಾಸದಲ್ಲಿ ದಾಳಿಗಾರರು ಒಂದು ಬಾರಿ ಕೈಯನ್ನೂ ಒಂದು ಬಾರಿ ಕಾಲನ್ನೂ ಬಳಸುತ್ತಾರೆ. ಕೈಯ ದೂರದಿಂದ ಕಾಲಿನ ದೂರಕ್ಕೆ, ಅಥವಾ ಕಾಲಿನಿಂದ ಕೈಗೆ ಬದಲಾಗುವ ಆ ಒಂದು ಕ್ಷಣವನ್ನು ನಿಭಾಯಿಸುವುದೇ ಇಲ್ಲಿನ ಕೆಲಸ. ಮೂರು ಹೆಜ್ಜೆಯಲ್ಲಿ ಪಾದದ ಅಳತೆಯನ್ನು ಅರಿತವರಿಗೆ ಇದು ಕಷ್ಟವಾಗುವುದಿಲ್ಲ, ಅರಿಯದವರಿಗೆ ಒದೆತದ ನಂತರದ ಗುದ್ದು ಯಾವಾಗಲೂ ಮೈಮೇಲೆ ಬಿದ್ದಂತೆ ಬರುತ್ತದೆ.

ಇಲ್ಬೊ ಮಾತ್ಸೋಗಿ, ಅಂದರೆ ಒಂದು ಹೆಜ್ಜೆಯ ಅಭ್ಯಾಸದಲ್ಲಿ ದಾಳಿಗಾರರು ಮೊದಲು ಹಿಂದಕ್ಕೆ ಸರಿದು ತಡೆ ಮಾಡುವ ಪೀಠಿಕೆ ಇರುವುದಿಲ್ಲ. ದಾಳಿಗಾರರು ಜುನ್‌ಬಿಯಿಂದಲೇ, ಎಡದಿಂದಲೋ ಬಲದಿಂದಲೋ, ಒಮ್ಮೆ ದಾಳಿ ಮಾಡುತ್ತಾರೆ. ರಕ್ಷಕರು ಒಂದೇ ಖಚಿತವಾದ ಪ್ರತಿದಾಳಿಯಿಂದ ಅದನ್ನು ಮುಗಿಸಬೇಕು. ಪ್ರಾಯೋಗಿಕ ದೃಷ್ಟಿಯಿಂದ ಐಟಿಎಫ್ ಇದಕ್ಕೆ ಹೆಚ್ಚಿನ ಮಹತ್ವ ಕೊಡುತ್ತದೆ. ಪ್ರದರ್ಶನದ ಆಸೆಯಿಂದ ಒಂದರ ಹಿಂದೆ ಐದಾರು ಪ್ರತಿದಾಳಿಗಳನ್ನು ಪೋಣಿಸುವುದು ಈಗ ಸಾಮಾನ್ಯವಾಗಿದೆ. ಅಷ್ಟು ಹೊತ್ತು ಎದುರಿನವರು ಕಂಬದಂತೆ ನಿಂತಿರುತ್ತಾರೆಂಬ ಊಹೆ ಅದರ ಹಿಂದಿದೆ. ಮೊದಲ ಪ್ರತಿದಾಳಿ ಸರಿಯಾದ ಜಾಗಕ್ಕೆ, ಸರಿಯಾದ ದೂರದಲ್ಲಿ ತಲುಪಿತೇ ಎಂದು ನೋಡುವುದನ್ನು ಬಿಟ್ಟು ಎರಡನೆಯದಕ್ಕೆ ಹೋಗಬಾರದು.

ಇಲ್ಲಿ ಅಳತೆಯ ಹೆಜ್ಜೆಯನ್ನೂ ಕ್ರಮೇಣ ಕೈಬಿಡಬಹುದು. ಮೊದಲು ಅಳೆದು ಮಾಡಿ, ನಂತರ ಕಣ್ಣಂದಾಜಿನಲ್ಲಿ ನಿಂತು ಮಾಡಿ, ಆಮೇಲೆ ಪಾದದಿಂದ ಅಳೆದು ಅಂದಾಜು ಎಷ್ಟು ತಪ್ಪಿತ್ತೆಂದು ನೋಡಿಕೊಳ್ಳಿ. ಬೇರೆ ಬೇರೆ ಎತ್ತರದ ಜೊತೆಗಾರರ ಮುಂದೆಯೂ ಈ ವ್ಯತ್ಯಾಸ ಒಂದು ಪಾದದ ಅಗಲಕ್ಕಿಂತ ಕಡಿಮೆಯಾಗತೊಡಗಿದಾಗ ಅರೆಮುಕ್ತ ಸ್ಪಾರಿಂಗ್ ಶುರುಮಾಡಬಹುದು. ಅದರಲ್ಲಿ ದಾಳಿ ಯಾವುದು, ಎಷ್ಟು ದೂರದಿಂದ ಎಂಬುದನ್ನು ಮೊದಲೇ ಹೇಳುವುದಿಲ್ಲ, ಆದರೆ ವಿನಿಮಯ ಒಂದೇ ಬಾರಿ ನಡೆಯುತ್ತದೆ, ಅದರ ನಂತರ ಇಬ್ಬರೂ ಜುನ್‌ಬಿಗೆ ಮರಳುತ್ತಾರೆ.